ಅಳಿಯನನ್ನು ಗಾಡಿಯಿಂದ ಇಳಿಸಿದ ಕಾಶಿಬಾಯಿ

ನಾಗಪುರದಲ್ಲಿ ಕಾಶಿಬಾಯಿಯಷ್ಟು ನಿಧಾನವಾಗಿ ಕಾರು ಓಡಿಸುವವರು ಇನ್ನೊಬ್ಬರಿಲ್ಲ ಎಂದು ಅವಳ ಗಂಡ ಮರಿಯಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಅದೇನೂ ಸುಳ್ಳಲ್ಲ. ಹಳೆಯ ಪೇಟೆಯಾದ ಮಹಾಲಿನ ಗಲ್ಲಿಗಳಲ್ಲಿ ಅವಳ ಹಿಂದೆ ಸಿಕ್ಕಿಕೊಂಡ ಸ್ಕೂಟರಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ, ಕೊನೆಗೆ ಯಾರದೋ ಅಂಗಡಿಯ ಕಟ್ಟೆ ಸವರಿಕೊಂಡು ಮುಂದೆ ಹೋಗುತ್ತಿದ್ದರು. ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಅವಸರ ಇದ್ದವರು ಮನೆಯನ್ನು ಬೇಗ ಬಿಡಬೇಕಿತ್ತು ಎನ್ನುವುದು ಅವಳ ವಾದ.

ಗದಗಿನ ಕಡೆಯವಳು. ಮರಿಯಪ್ಪನಿಗೆ ಇಲ್ಲಿನ ಆರ್ಡ್ನೆನ್ಸ್ ಫ್ಯಾಕ್ಟರಿಯಲ್ಲಿ ನೌಕರಿಯಿತ್ತು, ಅವನನ್ನು ಮದುವೆಯಾಗಿ ಈ ಊರಿಗೆ ಬಂದಳು. ರಾಮದಾಸಪೇಠದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಸೇರಿ, ದೊಡ್ಡ ಡಾಕ್ಟರುಗಳ ಜೊತೆಗೂ ಎದುರುಬದುರು ಮಾತಾಡಿಕೊಂಡೇ ರಿಟೈರ್ ಆದಳು. ಕಾರು ಕಲಿತದ್ದು ಐವತ್ತು ದಾಟಿದ ಮೇಲೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಮರಿಯಪ್ಪ ನಕ್ಕ, ಅವಳು ಮರುದಿನವೇ ಡ್ರೈವಿಂಗ್ ಶಾಲೆಗೆ ಹೋದಳು. ಅವಳಿಂದ ಏನಾದರೂ ಮಾಡಿಸಬೇಕಾದರೆ ಅದು ನಿನ್ನ ಕೈಲಾಗದು ಅಂದರೆ ಸಾಕು.

ಇಂಥ ಬಾಯಿ ಒಬ್ಬನ ಮುಂದೆ ಮಾತ್ರ ಕಟ್ಟುತ್ತಿತ್ತು. ಅವನು ಅಳಿಯ ಜಯಂತ. ಹುಬ್ಬಳ್ಳಿಯವನು, ನಾಗಪುರದಲ್ಲೇ ಕಂಪನಿಯೊಂದರಲ್ಲಿ ಕೆಲಸ, ಮನೆ ಎರಡು ಓಣಿ ಆಚೆ. ಕಾಶಿಬಾಯಿಯ ತವರಿನಲ್ಲಿ ಅತ್ತೆಯಾದವಳು ಅಳಿಯನ ಜೊತೆ ನೇರ ಮಾತಾಡುವ ಪದ್ಧತಿ ಇಲ್ಲ. ತಲೆಯ ಮೇಲೆ ಸೆರಗು ಹೊದ್ದು, ಮಗಳ ಕಡೆ ಮುಖ ಮಾಡಿ, "ಊಟಕ್ಕ ಏಳ್ರಿ ಅಂತ ಹೇಳವ್ವಾ ಅವರಿಗೆ" ಅನ್ನಬೇಕು. ಅಳಿಯ ಅಲ್ಲೇ ಎದುರಿಗೆ ಕೂತಿರುತ್ತಾನೆ, ಎಲ್ಲವೂ ಕೇಳಿಸಿರುತ್ತದೆ. ಆದರೂ ಮಗಳು ಅದನ್ನೇ ಇನ್ನೊಮ್ಮೆ ಹೇಳುವ ತನಕ ಅವನಿಗೆ ಕೇಳಿಸಿಲ್ಲವೆಂದೇ ಲೆಕ್ಕ. ಊರು ಬಿಟ್ಟು ಇಷ್ಟು ವರ್ಷವಾದರೂ ಕಾಶಿಬಾಯಿ ಈ ಒಂದನ್ನು ಬಿಟ್ಟಿರಲಿಲ್ಲ. ಮಗಳು ಸ್ವಪ್ನಾ ಇಬ್ಬರ ನಡುವೆ ಮಾತು ಹೊತ್ತು ಹೊತ್ತು, ಹೊರುವಾಗ ಅದರ ಖಾರ ಕಡಿಮೆ ಮಾಡುವುದನ್ನೂ ಕಲಿತಿದ್ದಳು.

ನಮೀಬಿಯಾಕ್ಕೆ ಹೋಗುವ ಹುಚ್ಚು ಹಿಡಿಸಿದವಳು ಕಾಶಿಬಾಯಿಯೇ. ಟೀವಿಯಲ್ಲಿ ಆ ದೇಶದ ಕೆಂಪು ಮರಳಿನ ಗುಡ್ಡಗಳನ್ನು ನೋಡಿದಂದಿನಿಂದ ಅವಳಿಗೆ ಬೇರೆ ಮಾತೇ ಇಲ್ಲ. ಬಂಧುಬಳಗವೆಲ್ಲ ಹೌಹಾರಿತು. ಹೋಗುವುದಾದರೆ ಟೂರಿನವರ ಜೊತೆ ಹೋಗಿ, ಅಡುಗೆಯವನೂ ಬರುತ್ತಾನೆ, ಜಂಡಾ ಹಿಡಿದವನ ಹಿಂದೆ ಹೋದರಾಯಿತು ಎಂದರು. "ಜಂಡಾದ ಹಿಂದ ಹೋಗಾಕ ನಾವೇನು ಮೋರ್ಚಾಕ್ಕ ಹೊಂಟೇವೇನು?" ಎಂದು ಕೇಳಿ ಅವರ ಬಾಯಿ ಮುಚ್ಚಿಸಿದಳು. ಹೀಗೆ ಮರಿಯಪ್ಪ, ಕಾಶಿಬಾಯಿ, ಮಗಳು, ಅಳಿಯ, ಎಂಟು ವರ್ಷದ ಮೊಮ್ಮಗಳು ಖುಷಿ ತಾವೇ ಹೊರಟರು.

ಅಲ್ಲಿ ಬಾಡಿಗೆಗೆ ಸಿಕ್ಕದ್ದು ಬೆನ್ನಿಗೆ ಎರಡು ಸ್ಟೆಪ್ನಿ ಹೊತ್ತ ಎತ್ತರದ ಗಾಡಿ. ಜಯಂತನ ಜೊತೆ ಇನ್ಯಾರು ಓಡಿಸುತ್ತೀರಿ ಎಂದು ಕೌಂಟರಿನ ಹೆಂಗಸು ಕೇಳಿದಾಗ ಕಾಶಿಬಾಯಿ ತನ್ನ ಲೈಸೆನ್ಸನ್ನು ಮುಂದಿಟ್ಟಳು. ಜಯಂತ ನಕ್ಕ. ಊರು ದಾಟಿದರೆ ಬರೀ ಗರಸಿನ ರಸ್ತೆ, ಸಣ್ಣ ಕಲ್ಲಿನ ಮೇಲೆ ಗಾಡಿ ಜಾರುತ್ತದೆ, ವೇಗ ಬೇಡ ಎಂದು ಆ ಹೆಂಗಸು ಮತ್ತೆ ಮತ್ತೆ ಹೇಳಿ ಕಳಿಸಿದಳು.

ಜಯಂತ ಕೆಟ್ಟವನಲ್ಲ. ಆದರೆ ಎದುರಿಗೆ ಒಂದು ನರಪಿಳ್ಳೆಯೂ ಇಲ್ಲದ ಅಷ್ಟುದ್ದದ ನೇರ ರಸ್ತೆ ಕಂಡರೆ, ನಾಗಪುರದ ವರ್ಧಾ ರೋಡಿನ ಟ್ರಾಫಿಕ್ಕಿನಲ್ಲಿ ಕೊಳೆತ ಯಾವ ಗಂಡಸಿನ ಕಾಲು ಸುಮ್ಮನಿರುತ್ತದೆ? ಗಾಡಿ ಹಾರಿತು. ಹಿಂದಿನ ಸೀಟಿನಲ್ಲಿ ಕಾಶಿಬಾಯಿ ಖುಷಿಯನ್ನು ಅವುಚಿಕೊಂಡಳು. "ಸ್ವಪ್ನಾ, ಸಾವಕಾಶ ಹೊಡೀರಿ ಅಂತ ಹೇಳವ್ವಾ ಅವರಿಗೆ" ಎಂದಳು. ಮುಂದೆ ಕೂತಿದ್ದ ಸ್ವಪ್ನಾ ಗಂಡನ ಮುಖ ನೋಡಿ, ಅವ್ವನಿಗೆ ಸ್ವಲ್ಪ ತಲೆ ತಿರುಗುತ್ತಿದೆಯಂತೆ ಎಂದಳು. ಅವನು ಕಿಟಕಿಯ ಗಾಜು ಇಳಿಸಿದ. ವೇಗ ಇಳಿಸಲಿಲ್ಲ.

ಮರುದಿನವೂ ಇದೇ ನಡೆಯಿತು. ಒಮ್ಮೆ ಅವ್ವನ ಮಾತು ನೀರು ಬೇಕಂತೆ ಎಂದಾಯಿತು, ಇನ್ನೊಮ್ಮೆ ಫೋಟೋ ತೆಗೀಬೇಕಂತೆ ಎಂದಾಯಿತು. ಹೆಂಡತಿಯನ್ನು ಸುಮ್ಮನಿರಿಸಲು ಮರಿಯಪ್ಪ, ಮಾತು ಬೆಳ್ಳಿ ಮೌನ ಬಂಗಾರ ಎಂದು ಕಿವಿಯಲ್ಲಿ ಹೇಳಿದ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಕಾಶಿಬಾಯಿ ಕೂತಿದ್ದಳು. ಡಾಕ್ಟರುಗಳಿಗೆ ಹೆದರದವಳು ಒಂದು ಸೆರಗಿಗೆ ಹೆದರಿ ಕೂತಿದ್ದಳಲ್ಲ, ಅದನ್ನು ನೆನೆದರೆ ಅವಳಿಗೆ ಈಗಲೂ ತನ್ನ ಮೇಲೇ ಸಿಟ್ಟು ಬರುತ್ತದೆ.

ಮೂರನೆಯ ದಿನ, ಸಮುದ್ರದ ಕಡೆಗೆ ಹೋಗುವ ದಾರಿಯ ಒಂದು ತಿರುವಿನಲ್ಲಿ ಗಾಡಿಯ ಹಿಂಭಾಗ ಜಾರಿತು. ಜಯಂತ ಬ್ರೇಕ್ ಒತ್ತಿದ, ಗಾಡಿ ಗಿರ್ರನೆ ಒಂದು ಸುತ್ತು ಸುತ್ತಿ, ರಸ್ತೆ ಬಿಟ್ಟು, ಮೂತಿಯನ್ನು ಮರಳಿಗೆ ಹೊಗಿಸಿ ನಿಂತಿತು. ಎದ್ದ ಧೂಳು ಇಳಿಯಿತು. ಯಾರಿಗೂ ಏನೂ ಆಗಿರಲಿಲ್ಲ. ಪಕ್ಕದಲ್ಲೇ, ಹತ್ತು ಹೆಜ್ಜೆ ಆಚೆ, ಬಂಡೆಗಳು ತುಂಬಿದ ಕಂದಕವಿತ್ತು. ಖುಷಿ ಅಳಲೂ ಮರೆತು ಅಜ್ಜಿಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಆ ಹಿಡಿತಕ್ಕೆ ಸೆರಗು ತಲೆಯಿಂದ ಜಾರಿತ್ತು.

ಕಾಶಿಬಾಯಿ ಅದನ್ನು ಮತ್ತೆ ಹೊದ್ದುಕೊಳ್ಳಲಿಲ್ಲ. ಕೆಳಗಿಳಿದು, ಸುತ್ತು ಹಾಕಿ ಬಂದು, ಡ್ರೈವರ್ ಕಡೆಯ ಬಾಗಿಲು ತೆಗೆದಳು.

"ಇಳೀರಿ ಜಯಂತಪ್ಪ. ಕೀಲಿ ಕೊಡ್ರಿ."

ಮದುವೆಯಾದ ಇಷ್ಟು ವರ್ಷಗಳಲ್ಲಿ ಅತ್ತೆ ತನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು. ಜಯಂತ ಸ್ವಪ್ನಾಳ ಕಡೆ ನೋಡಿದ. ಸ್ವಪ್ನಾ ತಲೆ ತಗ್ಗಿಸಿದಳು. ಅವನು ಇಳಿದ. ಎಲ್ಲರೂ ಸೇರಿ ಕೈಯಿಂದಲೇ ಮರಳು ಬಗೆದು ಗಾಡಿಯನ್ನು ರಸ್ತೆಗೆ ತಂದರು, ಕಾಶಿಬಾಯಿ ಮಹಾಲಿನ ಗಲ್ಲಿಯ ವೇಗದಲ್ಲೇ ಹೊರಟಳು. ಹಿಂದಿನಿಂದ ಬಂದ ಗಾಡಿಗಳೆಲ್ಲ ಧೂಳೆರಚಿ ದಾಟಿ ಹೋದವು. ಸ್ವಲ್ಪ ಹೊತ್ತಿಗೆ ಖುಷಿಗೆ ಜೀವ ಬಂದು, ಅಜ್ಜಿಯದು ಬೈಲಗಾಡಿ, ಎತ್ತಿನ ಗಾಡಿ ಎಂದು ಹಾಡತೊಡಗಿದಳು. ಹೊತ್ತು ಮುಳುಗುವುದರೊಳಗೆ ಸಮುದ್ರದ ದಂಡೆಯ ಊರು ಸೇರಿದರು. ಪ್ರವಾಸ ಮುಗಿಯುವ ತನಕ ಕೀಲಿ ಕಾಶಿಬಾಯಿಯ ಕುಪ್ಪಸದಲ್ಲೇ ಇತ್ತು, ಜಯಂತ ಹಿಂದೆ ಕೂತು ಮುಖ ಊದಿಸಿಕೊಂಡಿದ್ದ. ಕೆಂಪು ಗುಡ್ಡದ ಮುಂದೆ ತೆಗೆದ ಫೋಟೋದಲ್ಲೂ ಅವನ ಮುಖ ಹಾಗೇ ಬಂತು.

ಮುನಿದ ಅಳಿಯ ಎಂದರೆ ಸಣ್ಣ ಸಂಗತಿಯಲ್ಲ. ನಾಗಪುರಕ್ಕೆ ಬಂದ ಮೇಲೆ ಅವನು ಅತ್ತೆಯ ಮನೆ ಹೊಸ್ತಿಲು ತುಳಿಯಲಿಲ್ಲ, ಸ್ವಪ್ನಾ ಬರುವುದೂ ಕಡಿಮೆಯಾಯಿತು. ಬಂದಾಗ ಅವಳ ಕಣ್ಣು ಕೆಂಪಗಿರುತ್ತಿತ್ತು. ಸುದ್ದಿ ಹುಬ್ಬಳ್ಳಿ ಮುಟ್ಟಿ, ಜಯಂತನ ತಾಯಿ ಗಿರಿಜವ್ವ ರೈಲು ಹತ್ತಿ ಬಂದರು. ಮಗನನ್ನೂ ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಕಾಶಿಬಾಯಿಯ ಮನೆಯಲ್ಲಿ ಕೂತು, ಚಹಾ ಮುಟ್ಟದೆ, ನ್ಯಾಯ ತೆಗೆದರು. ಪರದೇಶದಲ್ಲಿ ತನ್ನ ಮಗನನ್ನು ಹೆಂಡತಿ ಮಕ್ಕಳ ಮುಂದೆ ಇಳಿಸಿದ್ದು ಯಾವ ರೀತಿ? ಆಗಿದ್ದು ಆಯಿತು, ಒಂದು ಹೋಳಿಗೆ ಊಟ ಹಾಕಿ, ಬಟ್ಟೆಬರೆಯ ಆಹೇರು ಮಾಡಿ, ಮಗಳ ಬಾಯಿಂದ ತಪ್ಪಾಯಿತು ಅನ್ನಿಸಿದರೆ ಮುಗಿಯಿತು ಎಂದರು. ಮರಿಯಪ್ಪ ಅಷ್ಟರಲ್ಲೇ ಹೂಂ ಅಂದುಬಿಟ್ಟಿದ್ದ. ಮಗಳ ಸಂಸಾರದ ಮುಂದೆ ನಿನ್ನ ಹಟ ದೊಡ್ಡದೇ ಎಂದು ಅವನ ಕಣ್ಣು ಹೆಂಡತಿಯನ್ನು ಕೇಳುತ್ತಿತ್ತು.

ಕಾಶಿಬಾಯಿಗೂ ಭಯವಿತ್ತು. ಇದ್ದವಳು ಒಬ್ಬಳೇ ಮಗಳು. ಆದರೂ ಎದ್ದು ನಿಂತಳು, ಬರಿದಲೆಯಲ್ಲೇ.

"ತಪ್ಪಾತು ಅನ್ನೂದಾದ್ರ ನಾನ ಅಂತೀನಿ, ಮಗಳ ಬಾಯಿ ಯಾಕ ಬೇಕು?" ಎಂದು ಅಳಿಯನ ಕಡೆ ತಿರುಗಿದಳು. "ಜಯಂತಪ್ಪ, ಮೊದಲನೇ ದಿನಾನ ನಿಮಗ ನೇರ ಹೇಳಬೇಕಿತ್ತು. ಹೇಳದ ಸೆರಗಿನ್ಯಾಗ ಅಡಗಿ ಕೂತೆ. ಅದು ನನ್ನ ತಪ್ಪು. ಗಾಡಿ ಇಳಿಸಿದ್ದು ತಪ್ಪಲ್ಲ. ನಾಳೆ ಹಂಗ ಹೊಡದ್ರ ನಾಳೇನೂ ಇಳಸತೀನಿ. ಮರ್ಯಾದಿ ನಿಮ್ಮದು ಭಾಳ ದೊಡ್ಡದು, ಆದ್ರ ಖುಷಿ ಜೀವಕ್ಕಿಂತ ದೊಡ್ಡದಲ್ಲ."

ಗಿರಿಜವ್ವನ ಮುಖ ಕಪ್ಪಿಟ್ಟಿತು. ಅವರು ಕಾಶಿಬಾಯಿಯನ್ನು ನೋಡಲೂ ಒಲ್ಲದೆ ಸೊಸೆಯ ಕಡೆ ತಿರುಗಿದರು.

"ಸ್ವಪ್ನಾ, ನಿಮ್ಮವ್ವಗ ಹೇಳು, ಇದು ಬರೋಬರ್ ಅಲ್ಲ ಅಂತ."

ಸ್ವಪ್ನಾ ಅವ್ವನನ್ನು ನೋಡಿದಳು, ಗಂಡನನ್ನು ನೋಡಿದಳು. ಮಡಿಲಲ್ಲಿದ್ದ ಖುಷಿಯನ್ನು ಇಳಿಸಿ ಎದ್ದಳು.

"ನಾ ಇನ್ನ ಯಾರ ಮಾತೂ ಹೊರೂದಿಲ್ರಿ ಅತ್ತಿ," ಎಂದಳು. "ಅವ್ವ ಇಲ್ಲೇ ನಿಂತಾಳ. ನೀವ ಹೇಳ್ರಿ."