ಮುಂದೆ ನಡೆದವಳು

ನನಗೂ ನನ್ನ ಗೆಳತಿಗೂ ಗುಡ್ಡ ಹತ್ತುವ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ಹಾವೇರಿಯಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಅವಳು ಗಂಡನ ಜೊತೆ ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಾಳೆ, ನಾನು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಇಬ್ಬರಿಗೂ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ನಡೆಯಲು ಹೇಳಿದರು. ಮೊದಲು ಬಡಾವಣೆಯ ರಸ್ತೆ, ಆಮೇಲೆ ಕೆರೆಯ ಏರಿ, ಕೊನೆಗೆ ಭಾನುವಾರ ಬಂದರೆ ಬಸ್ಸು ಹಿಡಿದು ಯಾವುದಾದರೂ ಗುಡ್ಡ. ಹತ್ತುವಾಗಲೂ ಇಳಿಯುವಾಗಲೂ ಅವಳ ಮಾತು ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಗುಡ್ಡದ ಮೇಲೆ ಎರಡೂ.

ಏಪ್ರಿಲ್ ತಿಂಗಳ ಒಂದು ಭಾನುವಾರ ಕುಪ್ಪೇಲೂರಿನ ಕಡೆಯ ಗುಡ್ಡಕ್ಕೆ ಹೊರಟೆವು. ರಾಣೆಬೆನ್ನೂರು ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಇನ್ನೊಂದು ಸಿಕ್ಕು ಗುಡ್ಡದ ಬುಡ ಮುಟ್ಟುವಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ವಾಪಸು ಹೋಗೋಣವೇ ಎಂದು ಕೇಳಿದೆ.

"ಇಷ್ಟ ದೂರ ಬಂದು ಹಂಗ ಹೋಗೂದೇನ? ಲಗೂ ಹತ್ತಿ ಲಗೂ ಇಳಿಯೂಣು," ಎಂದಳು. ನನಗೂ ಅದೇ ಬೇಕಾಗಿತ್ತು.

ಲಗೂ ಆಗಲಿಲ್ಲ. ತುದಿಯಲ್ಲಿ ರೊಟ್ಟಿ ತಿಂದು ಇಳಿಯಲು ಎದ್ದಾಗ ಸೂರ್ಯ ನೆತ್ತಿಯ ಮೇಲಿದ್ದ. ಬೀಸುವ ಗಾಳಿ ಕಾದ ಹಂಚಿನ ಮೇಲಿಂದ ಬಂದಂತಿತ್ತು. ಕುರುಚಲು ಗಿಡಗಳ ಎಲೆ ಅಲ್ಲಾಡಿದರೂ ಸದ್ದಿಲ್ಲ, ಒಂದು ಹಕ್ಕಿಯ ದನಿಯೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಗಮನಕ್ಕೆ ಬಂತು, ಅವಳ ಮಾತೂ ನಿಂತಿತ್ತು.

"ನೀರ ಕುಡಿ," ಎಂದೆ.

"ಬ್ಯಾಡ. ನೀರಡಿಕಿ ಆಗಿಲ್ಲ."

ಬೆಳಿಗ್ಗೆಯಿಂದ ಬೆವರಿನಲ್ಲಿ ತೊಯ್ದಿದ್ದ ಅವಳ ಹಣೆ ಒಣಗಿತ್ತು. ಗಾಳಿಗೆ ಆರಿರಬೇಕು ಎಂದುಕೊಂಡೆ. ಬೂಟಿನೊಳಗೆ ಹರಳು ಸೇರಿತ್ತೆಂದು ಒಂದು ಬಂಡೆಯ ಮೇಲೆ ಕುಳಿತೆ. ಅವಳು ನಿಲ್ಲದೆ ಮುಂದೆ ಹೋದಳು.

ತಲೆ ಎತ್ತಿದಾಗ ದಾರಿಯ ಮೇಲೆ ಅವಳಿರಲಿಲ್ಲ. ಬಲಕ್ಕೆ, ದಾರಿ ಬಿಟ್ಟು, ಒಣಹುಲ್ಲಿನಲ್ಲಿ ಬಿರಬಿರನೆ ನಡೆಯುತ್ತಿದ್ದಳು. ಕೂಗಿದೆ. ತಿರುಗಲಿಲ್ಲ. ಕೈ ಎತ್ತಿ ಯಾರನ್ನೋ ಕರೆಯುತ್ತಿದ್ದಳು. ಗಾಳಿ ಅವಳ ದನಿಯನ್ನು ನನ್ನತ್ತ ತಂದಿತು. ಅವಳು ಕರೆಯುತ್ತಿದ್ದದ್ದು ನನ್ನ ಹೆಸರನ್ನು, ಮುಂದೆ ನೋಡುತ್ತ.

"ಸಾವಕಾಶ ನಡಿಯ. ನನಗ ಓಡಾಕ ಆಗಂಗಿಲ್ಲ."

ಅವಳ ಮುಂದೆ ಯಾರೂ ಇರಲಿಲ್ಲ. ಹುಲ್ಲು, ಅದರ ಮೇಲೆ ನೀರಿನಂತೆ ನಡುಗುವ ಬಿಸಿಲು, ಅಷ್ಟೇ. ಓಡಿದೆ. ಹಿಂದಿನಿಂದ ಅವಳ ತೋಳು ಹಿಡಿದಾಗ ಅದು ಒಣಗಿ, ಒಲೆಯ ಪಕ್ಕ ಇಟ್ಟ ಕೊಡದಂತೆ ಸುಡುತ್ತಿತ್ತು. ಕೆಲವೇ ಮಾರು ಮುಂದೆ ನೆಲ ಮುಗಿದಿತ್ತು. ಹಳೆಯ ಕಲ್ಲಿನ ಕ್ವಾರಿ, ಮನೆಯಷ್ಟು ಆಳ.

ಅವಳು ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷಗಳಿಂದ ಬಲ್ಲ ಗೆಳತಿ ನನ್ನನ್ನು ಕಂಡು ಹೆದರಿದ್ದಳು. ತೋಳು ಕೊಸರಿಕೊಂಡಳು.

"ಆಕಿ ಕೆಳಗ ಇಳದಾಳ," ಎಂದಳು. "ನೀ ಯಾರ?"

ಕ್ವಾರಿಯ ಅಂಚಿನಲ್ಲೇ ಸ್ವಲ್ಪ ಆಚೆಗೆ, ಕೆಲಸ ನಡೆಯುತ್ತಿದ್ದ ಕಾಲದ ಒಂದು ಮುರುಕು ಶೆಡ್ಡು ನಿಂತಿತ್ತು. ಅದರ ಗೋಡೆಯ ನೆರಳಿಗೆ ಅವಳನ್ನು ಎಳೆದುಕೊಂಡೇ ಹೋದೆ. ಕಾಲು ಕುಸಿದು ನನ್ನ ಮಡಿಲಿಗೆ ಬಿದ್ದಳು. ಬಾಯಿಗೆ ನೀರು ಹಾಕಿದರೆ ಒಳಗೆ ಹೋಗದೆ ಕೆಮ್ಮು ಬಂತು. ಕುಡಿಸುವುದನ್ನು ಬಿಟ್ಟು, ಉಳಿದ ನೀರನ್ನು ಅವಳ ನೆತ್ತಿ, ಕುತ್ತಿಗೆ, ಕಂಕುಳಿಗೆ ಸುರಿದೆ. ನನ್ನ ದುಪಟ್ಟಾ ಒದ್ದೆ ಮಾಡಿ ಎದೆಗೆ ಹೊದಿಸಿ ಟೋಪಿಯಿಂದ ಗಾಳಿ ಹಾಕತೊಡಗಿದೆ. ಫೋನಿನಲ್ಲಿ ಸಿಗ್ನಲ್ ಒಂದೇ ಕಡ್ಡಿ. ಆಂಬುಲೆನ್ಸಿನವರಿಗೆ ಹಳೇ ಕ್ವಾರಿ ಎಂದ ಕೂಡಲೇ ತಿಳಿಯಿತು. ಲಾರಿ ಓಡಾಡಿದ ದಾರಿ ಇದೆ, ಬರುತ್ತೇವೆ ಎಂದರು.

ಕಾಯುವಾಗ ಅವಳು ಕಣ್ಣು ತೆರೆದಳು. ನನ್ನನ್ನಲ್ಲ, ನನ್ನ ಭುಜದ ಮೇಲಿನಿಂದ ಹಿಂದೆ ನೋಡುತ್ತಿದ್ದಳು.

"ಬಂದಳು," ಎಂದಳು ಮೆಲ್ಲಗೆ. "ನಿನ್ನ ಹಿಂದ ನಿಂತಾಳ."

ಬಿಸಿಲಿನ ತಾಪಕ್ಕೆ ಬುದ್ಧಿ ತಪ್ಪುತ್ತದೆಂದು ನನಗೆ ಗೊತ್ತಿತ್ತು. ಆದರೂ ಕತ್ತು ತಿರುಗಿಸಲು ಆಗಲಿಲ್ಲ. ಬೆನ್ನಿಗೆ ಗೋಡೆ ಇರಲಿಲ್ಲ, ಬಯಲಿತ್ತು. ಟೋಪಿ ಬೀಸುತ್ತಲೇ ಇದ್ದೆ. ಗಾಡಿಯ ಸದ್ದು ಕೇಳಿಸುವವರೆಗೂ ಹಿಂದೆ ನೋಡಲಿಲ್ಲ.

ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಮೈಗೆಲ್ಲ ಐಸು ಇಟ್ಟು ಸಲೈನ್ ಹಚ್ಚಿದರು. "ಬೆವರ ನಿಂತ್ರ, ಮಾತ ತಪ್ಪಿದ್ರ, ಅದು ದಣಿವಲ್ರಿ," ಎಂದರು ಡಾಕ್ಟರು. "ಇನ್ನ ಸ್ವಲ್ಪ ತಡ ಆಗಿದ್ರ ಕಷ್ಟ ಇತ್ರಿ. ನೀವು ನೀರ ಮೈಮ್ಯಾಲೆ ಹಾಕಿದ್ದು ಚಲೋ ಆತು."

ಸಂಜೆಯ ಹೊತ್ತಿಗೆ ಅವಳಿಗೆ ನನ್ನ ಗುರುತು ಹತ್ತಿತು. ಮರುದಿನ, ಗಂಡ ಚಹಾ ತರಲು ಹೋದಾಗ, ತಾನಾಗಿಯೇ ಹೇಳಿದಳು.

"ನಾ ದಾರಿ ಬಿಟ್ಟಿರಲಿಲ್ಲ. ನಿನ್ನ ಹಿಂದ ಬಂದಿದ್ದೆ."

"ನಾ ಹಿಂದ ಕುಂತಿದ್ದೆ. ಮುಂದ ಇದ್ದಾಕಿ ಮುಖ ನೋಡಿದೇನು?"

"ಒಮ್ಮೆನೂ ತಿರುಗಲಿಲ್ಲ."

"ಮತ್ತ ನಾನ ಅಂತ ಹ್ಯಾಂಗ ಗೊತ್ತಾತು?"

"ನಡಿಗಿ ನಿಂದ ಇತ್ತಲ್ಲ. ಎಡಗಾಲ ಸ್ವಲ್ಪ ಎಳದಂಗ ಇಡತಿ."

ನಾನು ಕಾಲೆಳೆಯುತ್ತೇನೆಂದು ಆವರೆಗೆ ಯಾರೂ ಹೇಳಿರಲಿಲ್ಲ. ಆ ರಾತ್ರಿ ಮನೆಯವರನ್ನು ಕೇಳಿದೆ. "ಹೌದು, ಮೊದಲಿಂದ ಹಂಗ," ಎಂದರು. ನನ್ನ ನಡಿಗೆಯನ್ನು ಬೆನ್ನ ಹಿಂದಿನಿಂದ ನಾನು ಕಂಡವಳಲ್ಲ. ಅವಳು ಕಂಡಿದ್ದಳು, ಆ ಮಧ್ಯಾಹ್ನವೂ.

ಈಗ ಬೇಸಿಗೆಯಲ್ಲಿ ಗುಡ್ಡದ ಮಾತೇ ಇಲ್ಲ. ಚಳಿಗಾಲದಲ್ಲಿ ಹೋದರೂ ಬಿಸಿಲೇರುವ ಮೊದಲೇ ಕೆಳಗಿಳಿದಿರುತ್ತೇವೆ. ನೀರಡಿಕೆ ಆಗಲಿ ಬಿಡಲಿ, ಆಗಾಗ ಕುಡಿಯುತ್ತೇವೆ. ಹಿಂದೆ ಮುಂದೆ ಆಗದೆ ಜೋಡಿಯಾಗಿಯೇ ನಡೆಯುತ್ತೇವೆ. ಹೋದ ಡಿಸೆಂಬರಿನಲ್ಲಿ ಬ್ಯಾಡಗಿಯ ಹತ್ತಿರ ಎರಡು ಬಂಡೆಗಳ ನಡುವೆ ಒಬ್ಬರೇ ನುಸುಳುವಷ್ಟು ಸಂದಿ ಬಂತು. ಇಬ್ಬರೂ ನಿಂತೆವು.

"ನೀ ಹೋಗು," ಎಂದೆ.

"ಇಲ್ಲ," ಎಂದಳು. "ನೀ ಮುಂದಾದ್ರ ನೀನ ಹೌದೋ ಅಲ್ಲೋ ಅಂತ ನಾ ನೋಡಬೇಕಾಗತೈತಿ. ನಾ ಮುಂದಾದ್ರ ನೀ ಹಿಂದಿಂದ ಕರೀಬೇಕಾಗತೈತಿ."

ಸುತ್ತು ಹಾಕಿ, ಬಂಡೆಯ ಆಚೆಯಿಂದ ಇಳಿದೆವು.