ಫಲಕದ ಬೆನ್ನು

ಸೂರತ್‌ನಲ್ಲಿದ್ದಾಗ ವರಾಛಾದ ವಜ್ರದ ಕಾರ್ಖಾನೆಯ ಮಾಲೀಕರೊಬ್ಬರು ದೀಪಾವಳಿಗೆ ಕಳಿಸಿದ್ದ ರೇಷ್ಮೆ ಸೀರೆಯನ್ನು ಕಾಮಾಕ್ಷಿ ಸಿಟಿ ಬಸ್ಸಿನಲ್ಲಿ ಹೋಗಿ ಹಿಂದಿರುಗಿಸಿ ಬಂದಿದ್ದರು. ಅವರು ವರ್ಗವಾಗಿ ಅಹಮದಾಬಾದಿಗೆ ಬರುವ ಮೊದಲೇ ಆ ಸುದ್ದಿ ಇಲ್ಲಿನ ವಿಮಾ ಕಚೇರಿಯನ್ನು ತಲುಪಿತ್ತು. ತುಮಕೂರಿನಲ್ಲಿ ಕೆಲಸಕ್ಕೆ ಸೇರಿ, ಬಡ್ತಿಯ ಬೆನ್ನಿಗೇ ಬಂದ ಊರುಗಳನ್ನೆಲ್ಲ ಗೊಣಗದೆ ಒಪ್ಪಿಕೊಂಡವರು ಅವರು. ಪ್ರಚಾರ ವಿಭಾಗ ಅವರ ಪಾಲಿಗೆ ಬಂದಾಗ, ಇನ್ನು ಅಲ್ಲಿ ಒಂದು ಪೈಸೆಯೂ ಪೋಲಾಗದು ಎಂದು ಸಹೋದ್ಯೋಗಿಗಳು ಆಡಿಕೊಂಡರು. ಅದು ಕಿವಿಗೆ ಬಿದ್ದು ಕಾಮಾಕ್ಷಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ನರೋಡಾ ಮತ್ತು ವಟ್ವಾದ ಕಾರ್ಖಾನೆ ತಂಡಗಳು ಚಳಿಗಾಲದ ಭಾನುವಾರಗಳಂದು ಕ್ರಿಕೆಟ್ ಆಡುತ್ತವೆ. ಆ ಮೈದಾನದ ಬೌಂಡರಿಯಲ್ಲಿ ಸಂಸ್ಥೆಯ ಜಾಹೀರಾತು ಫಲಕ ನಿಲ್ಲಿಸುವುದು ಪ್ರಾದೇಶಿಕ ಮುಖ್ಯಸ್ಥ ಗಿರಿಧರ ಸಾಹೇಬರದೇ ಯೋಜನೆ. ಪಾಲಿಸಿ ಮಾಡಿಸಬೇಕಾದ ಕಾರ್ಮಿಕರೆಲ್ಲ ಒಂದೇ ಕಡೆ ಸಿಗುತ್ತಾರೆ, ದಿನವಿಡೀ ನಮ್ಮ ಹೆಸರು ಕಣ್ಣೆದುರಿಗಿರುತ್ತದೆ, ಪತ್ರಿಕೆಯ ಜಾಹೀರಾತಿಗಿಂತ ಅಗ್ಗ ಎಂಬುದು ಅವರ ವಾದ. ಫಲಕದ ಜೊತೆಗೆ ಪೆವಿಲಿಯನ್ನಿನ ನೆರಳಲ್ಲಿ ಕೂರುವ ಪಾಸುಗಳೂ ಕಚೇರಿಗೆ ಬರುತ್ತಿದ್ದವು. ಇಷ್ಟು ಖರ್ಚಿಗೆ ತಕ್ಕ ಫಲವಿದೆಯೇ ಎಂದು ಕೇಂದ್ರ ಕಚೇರಿ ಕೇಳಿದಾಗ, ಪ್ರೇಕ್ಷಕರನ್ನೇ ವಿಚಾರಿಸಿ ಬರುವ ಹೊಣೆ ಕಾಮಾಕ್ಷಿಯ ಮೇಲೆ ಬಿತ್ತು.

ಪಂದ್ಯ ಮುಗಿದ ಸಂಜೆ ಅವರು ಗೇಟಿನ ಬಳಿ ನಿಂತರು. ಮೈದಾನದಲ್ಲಿ ಯಾವ ಬೋರ್ಡು ನೋಡಿದ ನೆನಪಿದೆ ಎಂದು ಕೇಳಿದರೆ ಬಹುತೇಕರು ತಲೆಯಲ್ಲಾಡಿಸಿ ಮುಂದೆ ಹೋದರು. "ಬೋರ್ಡ್ ನೋಡೋಕೆ ಬರ್ತೀವಾ ಬೆನ್?" ಎಂದು ಒಬ್ಬ ನಕ್ಕ; ಅಕ್ಕ ಎನ್ನುವುದಕ್ಕೆ ಇಲ್ಲಿ ಬೆನ್. ನೆನಪಿದೆ ಎಂದವರಲ್ಲಿ ಮೊದಲಿಗರು ವಟ್ವಾದ ಬಣ್ಣದ ಕಾರ್ಖಾನೆಯ ಮಾಧವಭಾಯ್. ಅವರ ಅಂಗೈ ಗೆರೆಗಳಲ್ಲಿ ತೊಳೆದರೂ ಹೋಗದ ನೀಲಿಯಿತ್ತು.

"ನಿಮ್ಮ ಬೋರ್ಡು ಮರೆಯೋಕಾಗುತ್ತಾ? ಇಡೀ ದಿನ ಅದನ್ನೇ ನೋಡಿದ್ದು. ಅದೂ ಅದರ ಬೆನ್ನು."

"ಬೆನ್ನಾ?"

"ನಾವು ಕೂರೋದು ಕೆಳಗಿನ ಮೆಟ್ಟಿಲು. ಸರಿಯಾಗಿ ನಮ್ಮೆದುರಿಗೇ ನಿಲ್ಲಿಸಿದೀರಿ. ಕಂಡಿದ್ದೇನು, ಪ್ಲೈವುಡ್ಡು, ಮೊಳೆ. ನನ್ನ ತಮ್ಮ ಬೌಂಡರೀಲಿ ಕ್ಯಾಚ್ ಹಿಡಿದನಂತೆ. ಅಂತೆ! ನನ್ನ ಮೂಗಿನ ಮುಂದೇನೇ! ಊಟದ ಹೊತ್ತಲ್ಲಿ ಸುತ್ತಿ ಹೋಗಿ ಓದ್ಕೊಂಡು ಬಂದೆ. ಯಾರ ಹೆಸರು ಹಿಡಿದು ಬೈಯ್ಬೇಕು ಅಂತ ಗೊತ್ತಾಗ್ಬೇಕಲ್ಲ."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. "ಬಿಡಬೇಡಿ ಬೆನ್, ಇವತ್ತೇ ಇವನ ಕೈಲಿ ಪಾಲಿಸಿ ಮಾಡಿಸಿ!" ಎಂದು ಯಾರೋ ಕಿಚಾಯಿಸಿದರು. ಕಾಮಾಕ್ಷಿಯೂ ನಕ್ಕರು. "ಸಾಹೇಬರಿಗೆ ಹೇಳ್ತೀನಿ ಭಾಯ್, ಖಂಡಿತ ಹೇಳ್ತೀನಿ," ಎಂದರು. ಆ ಕ್ಷಣ ಅದು ಮನಸ್ಸಿನಿಂದಲೇ ಬಂದ ಮಾತು. ಆಮೇಲೆ ನೆನಪಿದೆ ಎಂದವರೆಲ್ಲ ಅದೇ ಮೆಟ್ಟಿಲುಗಳಿಂದ ಇಳಿದು ಬಂದವರು.

ಮಗಳು ಮೇದಿನಿಯ ಹನ್ನೆರಡನೇ ತರಗತಿ ಮುಗಿಯುವವರೆಗೆ ತಮ್ಮನ್ನು ಅಹಮದಾಬಾದಿನಲ್ಲೇ ಉಳಿಸಿ ಎಂದು ಕಾಮಾಕ್ಷಿ ಕೇಳಿಕೊಂಡಿದ್ದದ್ದು ಗಿರಿಧರ ಸಾಹೇಬರನ್ನೇ. ಅವರಿನ್ನೂ ಹ್ಞೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಅಷ್ಟರಲ್ಲಿ ಸಭೆ ಸೇರಿತು.

"ಕಾಮಾಕ್ಷಿಬೆನ್, ಜನಕ್ಕೆ ನಮ್ಮ ಹೆಸರು ನೆನಪಿದೆಯಾ?"

"ಇದೆ ಸರ್. ಮೂವರಲ್ಲಿ ಒಬ್ಬರಿಗೆ."

"ವಾಹ್! ಟೀವೀಲಿ ಹಾಕಿದ್ರೂ ಇಷ್ಟು ಸಿಗಲ್ಲ!"

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಏಕೆ ನೆನಪಿದೆ ಎಂದು ಕೇಳಿದರೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಅವರು ತಮಗೆ ತಾವೇ ಮಾತು ಕೊಟ್ಟುಕೊಂಡಿದ್ದರು. ಯಾರೂ ಕೇಳಲಾರರೆಂಬುದೂ ಅವರಿಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ. ಇಷ್ಟು ಫಲ ಕೊಡುವ ಫಲಕ ಇನ್ನೂ ಎತ್ತರವಿದ್ದರೆ ಇನ್ನೂ ಒಳ್ಳೆಯದಲ್ಲವೇ ಎಂದರು ಸಾಹೇಬರು. ಎಲ್ಲರೂ ಮೇಜು ಕುಟ್ಟಿದರು. ಅದೇ ವಾರ ಕಾಮಾಕ್ಷಿಯ ವರ್ಗಾವಣೆ ಮುಂದಕ್ಕೆ ಹೋಯಿತು.

ಮರುವರ್ಷದ ಫೈನಲ್ ಪಂದ್ಯಕ್ಕೆ ಮೇದಿನಿ ಹಟ ಮಾಡಿ ತಾಯಿಯನ್ನು ಕರೆತಂದಳು; ಪಾಸು ಹೇಗೂ ಇತ್ತು. ಪೆವಿಲಿಯನ್ನಿನ ನೆರಳಿನಿಂದ ನೋಡಿದರೆ ಎದುರುಗಡೆಯ ಹೊಸ ಫಲಕದ ಒಂದೊಂದು ಅಕ್ಷರವೂ ಬಿಸಿಲಲ್ಲಿ ಹೊಳೆಯುತ್ತಿತ್ತು. ಅದರ ಮೇಲಂಚಿನಲ್ಲಿ ಬರೀ ತಲೆಗಳು ಕಾಣುತ್ತಿದ್ದವು, ಕತ್ತು ನಿಮಿರಿಸಿಕೊಂಡು.

"ಅಮ್ಮಾ, ಅವ್ರೆಲ್ಲಾ ಯಾಕೆ ಖಡೇ ಇದಾರೆ? ಕೂತ್ಕೊಳ್ಳೋಕೆ ಸೀಟ್ ಇಲ್ವಾ?"

ಕಾಮಾಕ್ಷಿ ನೀರು ಕುಡಿದು ಬರುತ್ತೇನೆಂದು ಎದ್ದು ಹೋದರು. ನೀರಿನ ಡ್ರಮ್ಮಿನ ಬಳಿ ಮಾಧವಭಾಯ್ ಗೆಳೆಯರೊಂದಿಗೆ ನಿಂತಿದ್ದರು.

"ಅರೇ ಬೆನ್! ಹೇಳಿದ್ರಾ ಸಾಹೇಬರಿಗೆ?" ಎಂದವರು ಕಾಮಾಕ್ಷಿಯ ಮುಖ ನೋಡಿ ತಾವೇ ಮಾತು ತಡೆದರು. "ಬಿಡಿ ಬಿಡಿ, ಹೇಳೇ ಇರ್ತೀರಿ. ದೊಡ್ಡವರು ನಮ್ಮಂಥವರ ಮಾತು ಎಲ್ಲಿ ಕೇಳ್ತಾರೆ? ನೀವಾದ್ರೂ ಬಂದು ವಿಚಾರಿಸಿದ್ರಲ್ಲ." ಮತ್ತೆ ಗೆಳೆಯರ ಕಡೆ ತಿರುಗಿ, "ನಮ್ಮ ಪರವಾಗಿ ಮಾತಾಡಿದೋರು ಇವರೇ ಕಣ್ರೋ," ಎಂದು, ತುಂಬಿದ ಲೋಟವನ್ನು ಮೊದಲು ಅವರಿಗೇ ಚಾಚಿದರು.

ನಾನು ಹೇಳಲಿಲ್ಲ ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಬಾಯಿಂದ ಹೊರಟದ್ದು ಬೇರೆ: "ಹೌದು ಭಾಯ್. ಅವರು ಕೇಳಲಿಲ್ಲ."

ಆ ನೀರನ್ನೂ ಅವರು ಕುಡಿದರು.

ಹಿಂದಿರುಗಿದ ಮೇಲೆ ಕೂರಲು ಮನಸ್ಸಾಗಲಿಲ್ಲ. ಕುರ್ಚಿಯೆದುರು ನಿಂತೇ, ಆಚೆಯ ತಲೆಗಳ ಸಾಲಿನಲ್ಲಿ ಒಂದು ಮುಖವನ್ನು ಹುಡುಕತೊಡಗಿದರು. ಅಷ್ಟು ದೂರಕ್ಕೆ ಎಲ್ಲವೂ ಒಂದೇ ಥರ.

"ಬೇಸೀ ಜಾವ್ ನೇ, ಬೆನ್," ಎಂದು ಹಿಂದಿನ ಸಾಲಿನಿಂದ ಯಾರೋ ರೇಗಿದರು. "ಕೂತ್ಕೊಳ್ಳಿ. ಅಡ್ಡ ನಿಂತಿದ್ದೀರಿ, ಆಟವೇ ಕಾಣ್ತಿಲ್ಲ."

ಕಾಮಾಕ್ಷಿ ಕೂತರು.