ಎರಡು ಡಿಸ್ಕು, ನಾಲ್ಕು ಪ್ಯಾಡು

ಮನುಷ್ಯನ ದೊಡ್ಡತನವನ್ನು ಅವನು ಎಷ್ಟು ದೂರ ಓಡಿದ ಎಂಬುದರಿಂದ ಅಳೆಯಬಾರದು; ನಿಲ್ಲಬೇಕಾದ ಕಡೆ ನಿಂತನೋ ಇಲ್ಲವೋ ಎಂದು ನೋಡಬೇಕು. ಈ ಗಂಭೀರ ಸತ್ಯ ನನಗೆ ಹೊಳೆದದ್ದು ಧಾರವಾಡದಿಂದ ಮುಗದಕ್ಕೆ ಹೋಗುವ ರಸ್ತೆಯಲ್ಲಿ, ಒಂದು ಎಮ್ಮೆಯ ಹಿಂಭಾಗದಿಂದ ನಾಲ್ಕು ಬೆರಳು ದೂರದಲ್ಲಿ.

ಎಮ್ಮೆಗೆ ಏನೂ ಆಗಲಿಲ್ಲ. ಬಾನೆಟ್ಟಿನ ಮೇಲೆ ಒಮ್ಮೆ ಬಾಲ ಬಡಿದು, ಸಾವಕಾಶವಾಗಿ ರಸ್ತೆ ದಾಟಿ ಹೋಯಿತು. ಹಿಂದಿನ ಸೀಟಿನಲ್ಲಿದ್ದ ಅವ್ವ ಒಂದು ಮಾತೂ ಆಡಲಿಲ್ಲ. ಎಂಬತ್ತೆರಡು ವರ್ಷದ ನಮ್ಮವ್ವ ಮಾತಾಡಿದರೆ ಅದು ಅಭಿಪ್ರಾಯ, ಸುಮ್ಮನಿದ್ದರೆ ತೀರ್ಪು. ಮುಂದಿನ ಸೋಮವಾರ, ಮುಗದದಲ್ಲಿರುವ ತನ್ನ ತಂಗಿಯನ್ನು ನೋಡಲು ಆಕೆ ಬಸ್ಸಿನಲ್ಲಿ ಹೋದಳು. ಅದರ ಮುಂದಿನ ಸೋಮವಾರವೂ ಬಸ್ಸಿನಲ್ಲೇ ಹೋದಳು.

ಈಗಿನವರು ಎಸ್‌ಯುವಿ ಎನ್ನುವ ಆ ದೊಡ್ಡ ಗಾಡಿಯನ್ನು ನಾನು ನಿವೃತ್ತಿಯಾದ ಮೇಲೆ ಕೊಂಡದ್ದೇ ಅವ್ವನ ಸೋಮವಾರಗಳಿಗಾಗಿ. ಹತ್ತಲು ಅನುಕೂಲವಾಗಲೆಂದು ಬಡಿಗರ ಕಡೆಯಿಂದ ಒಂದು ಮಣೆಯನ್ನೂ ಮಾಡಿಸಿದ್ದೆ. ಈಗ ಮಣೆ ಗಾಡಿಯಲ್ಲಿ, ಅವ್ವ ಬಸ್ಸಿನಲ್ಲಿ. ಬಸ್ಸಿನಲ್ಲಿ ಗದ್ದಲ, ಜಾಗ ಸಿಗುವುದಿಲ್ಲ ಎಂದು ವಾದಿಸಿ ನೋಡಿದೆ.

"ಗದ್ದಲ ಇರಲಿ," ಅಂದಳು. "ಹೆಣ್ಮಕ್ಕಳಿಗೆ ಪುಕ್ಕಟ ಐತಿ. ಮ್ಯಾಲ, ಬ್ರೇಕ್ ಹಾಕಿದ್ರ ನಿಂದರತೈತಿ."

ಅವ್ವನನ್ನು ಮತ್ತೆ ಗಾಡಿಗೆ ಹತ್ತಿಸುವುದು ಅಂದಿನಿಂದ ನನ್ನ ಜೀವನದ ಧ್ಯೇಯವಾಯಿತು. ಹುಬ್ಬಳ್ಳಿಯ ಮಿಸ್ತ್ರಿಯ ಕಡೆಗೆ ಗಾಡಿ ಒಯ್ದೆ. ಆತ ಮುಂದಿನ ಗಾಲಿಗಳನ್ನು ಬಿಚ್ಚಿ, ಅಳತೆ ಹಿಡಿದು, ವೈದ್ಯರು ಮನೆಯವರನ್ನು ಹೊರಗೆ ಕರೆದು ಹೇಳುವ ದನಿಯಲ್ಲಿ ಹೇಳಿದ: "ಪ್ಯಾಡ್ ಸವದ ಹೋಗ್ಯಾವ್ರಿ ಸರ. ಡಿಸ್ಕೂ ತೆಳ್ಳಗಾಗ್ಯಾವ. ಎರಡೂ ಹಾಕಬೇಕ್ರಿ. ಗಾಡಿ ಬರೂವಾಗ ಇದ್ದಂಥಾವ ತಂದು ಕೊಡ್ರಿ, ಮುಗೀತು."

ಡಿಸ್ಕ್ ಎಂದರೆ ಗಾಲಿಯ ಸಂಗಡ ತಿರುಗುವ ಕಬ್ಬಿಣದ ತಟ್ಟೆ. ಪ್ಯಾಡ್ ಎಂದರೆ ಅದನ್ನು ಎರಡೂ ಮಗ್ಗುಲಿಂದ ಒತ್ತಿ ಹಿಡಿಯುವ ತುಂಡು. ಒಂದಕ್ಕೊಂದು ತಿಕ್ಕಿ ಗಾಡಿ ನಿಲ್ಲುತ್ತದೆ. ಇದರ ಹೆಸರು ಘರ್ಷಣೆ. ಎಂಟನೆಯ ಇಯತ್ತೆಯ ಮಕ್ಕಳಿಗೆ ಮೂವತ್ತು ವರ್ಷ ಇದನ್ನೇ ಕಲಿಸಿದ ವಿಜ್ಞಾನದ ಮಾಸ್ತರ ನಾನು. ಅಂಥವನಿಗೆ 'ಇದ್ದಂಥಾವ ತಂದು ಕೊಡ್ರಿ' ಎನ್ನುವುದು ಸಲಹೆಯಂತೆ ಕೇಳಿಸಲಿಲ್ಲ. ಅಧ್ಯಯನ ಮಾಡಿಯೇ ಕೊಳ್ಳುವುದೆಂದು ನಿಶ್ಚಯಿಸಿದೆ.

ಅಧ್ಯಯನ ಆರು ವಾರ ನಡೆಯಿತು. ಅಷ್ಟೂ ದಿನ ಗಾಡಿ ಮನೆಯ ಮುಂದೆ ನಿಂತೇ ಇತ್ತು; ಕೊಂಡಾಗಿನಿಂದ ಅದು ಅಷ್ಟು ಭದ್ರವಾಗಿ ನಿಂತದ್ದು ಅದೇ ಮೊದಲು. ಲೋಹದ ಪುಡಿ ಬೆರೆಸಿದ ಪ್ಯಾಡು, ಸಿರಾಮಿಕ್ ಪ್ಯಾಡು, ಗೀರು ಹಾಕಿದ ಡಿಸ್ಕು, ತೂತು ಕೊರೆದ ಡಿಸ್ಕು — ಮೊಬೈಲಿನಲ್ಲಿ ಎಲ್ಲವನ್ನೂ ಓದಿ ಒಂದು ನೋಟುಬುಕ್ಕಿನ ಅರ್ಧ ತುಂಬಿಸಿದೆ. ತೂತಿನ ಡಿಸ್ಕು ಬೇಗ ಆರುತ್ತದೆ ಎಂಬುದು ನನಗೆ ಮನವರಿಕೆಯಾಗಿತ್ತು. ಅಮರಗೋಳದ ಮಾರ್ಕೆಟ್ಟಿನಲ್ಲಿ ಹತ್ತಿ ವ್ಯಾಪಾರ ಮಾಡುವ ನಮ್ಮ ಪಕ್ಕದ ಮನೆಯವರಿಗೆ ಅದರ ಚಿತ್ರ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ತೂತು ಇದ್ದದ್ದಕ್ಕ ರೇಟ್ ಕಡಿಮಿ ಏನ್ರಿ?"

"ಇಲ್ಲ, ಹೆಚ್ಚು."

"ಮಾಲೂ ಕಡಿಮಿ, ರೇಟೂ ಹೆಚ್ಚು. ಮಾಸ್ತರ, ನಿಮಗ ನಾ ಹರಕ ಚೀಲದಾಗ ಹತ್ತಿ ಕೊಟ್ರ ತಗೋತೀರೇನು?"

ವಿಜ್ಞಾನದ ಬಳಿ ಇದಕ್ಕೆ ಉತ್ತರವಿತ್ತು. ಆದರೆ ಅದನ್ನು ಹೇಳುವಷ್ಟರಲ್ಲಿ ಅವರು ಒಳಗೆ ಹೋಗಿದ್ದರು. ತೂತಿನ ವಿಷಯ ಅಲ್ಲಿಗೆ ಬಿತ್ತು.

ಕಡೆಗೆ ಒಂದು ಶನಿವಾರ ಹುಬ್ಬಳ್ಳಿಗೆ ಹೋಗಿ, ಮಿಸ್ತ್ರಿಯ ಗ್ಯಾರೇಜಿನ ಓಣಿಯಲ್ಲೇ ಇರುವ ಬಿಡಿಭಾಗಗಳ ಅಂಗಡಿಯಲ್ಲಿ ಎರಡು ಸಾದಾ ಡಿಸ್ಕು ಮತ್ತು ನಾಲ್ಕು ಸಿರಾಮಿಕ್ ಪ್ಯಾಡು ಕೊಂಡೆ. ಡಿಸ್ಕಿಗೆ ಮೊಬೈಲಿನಲ್ಲಿ ಓದಿದ್ದ ಇಂಗ್ಲಿಷ್ ಹೆಸರು ಬಾಯಿಗೆ ಬಂದು ಮೊದಲು "ರೋಟರ್ ಕೊಡ್ರಿ" ಅಂದಿದ್ದೆ. ಅಂಗಡಿಯವರು ಎದುರಿಗಿದ್ದ ಬೋರ್‌ವೆಲ್ ಪಂಪಿನ ಅಂಗಡಿಯತ್ತ ಕೈ ತೋರಿಸಿದರು. ಸಿರಾಮಿಕ್ ಪ್ಯಾಡು ಅವರಲ್ಲಿ ಒಂದೇ ಸೆಟ್ಟು ಇತ್ತು. ಅದು ನನಗಾಗಿಯೇ ಕಾದಿದೆ ಎನಿಸಿತು. ಮಿಸ್ತ್ರಿ ಬುಧವಾರ ಬರಲು ಹೇಳಿದ.

ಡಬ್ಬಿಗಳನ್ನು ಮನೆಗೆ ತಂದು ಅವ್ವನ ಮುಂದೆ ಇಟ್ಟು, ಇನ್ನು ಮೇಲೆ ಎಮ್ಮೆಗಳೆಲ್ಲ ನಿರ್ಭಯವಾಗಿ ತಿರುಗಬಹುದು ಎಂದು ಹೇಳಿದೆ. ಅವ್ವ ಪ್ಯಾಡಿನ ಮೇಲೆ ಬೆರಳಾಡಿಸಿ, "ಸೋಮವಾರ ಪೂಜಿ ಮಾಡೋಣು, ಆಮ್ಯಾಲೆ ಹಾಕಸು," ಅಂದಳು. ಪೂಜೆ ಎಂದ ಮೇಲೆ ಆಕೆ ಗಾಡಿ ಹತ್ತುವ ಮನಸ್ಸು ಮಾಡಿದ್ದಾಳೆ ಎಂದೇ ಅರ್ಥ. ಸೋಮವಾರ ಮುಂಜಾನೆ ನಾನು ಎದ್ದು ಬರುವಷ್ಟರಲ್ಲಿ ದೇವರ ಜಗಲಿಯ ಮುಂದೆ ಎರಡೂ ಡಿಸ್ಕುಗಳು ಮೂರು ಬೆರಳಿನ ವಿಭೂತಿ ಧರಿಸಿ, ಒಂದೊಂದು ಚೆಂಡು ಹೂ ಮುಡಿದು ಕುಳಿತಿದ್ದವು. ಪ್ಯಾಡುಗಳನ್ನು ಅವ್ವ ಆಗಲೇ ಪೂಜಿಸಿ ಡಬ್ಬಿಯೊಳಗೆ ಇಟ್ಟಿದ್ದಳು. ನಾನು ಕೈ ಮುಗಿದೆ.

ಬುಧವಾರ, ಪೂಜೆಯಾದ ಸಾಮಾನನ್ನು ಗಾಡಿಗೆ ಕೂಡಿಸುವುದನ್ನು ಕಣ್ಣಾರೆ ನೋಡಬೇಕೆಂದು ಅವ್ವ ಹಟ ಹಿಡಿದಳು. ಹಳೆಯ ಬ್ರೇಕಿನ ಗಾಡಿಯಲ್ಲಿ ಮಾತ್ರ ಬರಲೊಲ್ಲಳು. ನನ್ನ ಹೆಂಡತಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಹೊರಟಳು. ನಾನು ಗ್ಯಾರೇಜು ಮುಟ್ಟಿದಾಗ ಇಬ್ಬರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತು ಚಹಾ ಮುಗಿಸುತ್ತಿದ್ದರು.

ಮಿಸ್ತ್ರಿ ಪ್ಯಾಡಿನ ಡಬ್ಬಿ ತೆರೆದ. ಒಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿದ. ಹೆಬ್ಬೆರಳು ಮೂಸಿ ನೋಡಿದ. ಹುಟ್ಟಿದಾಗಿನಿಂದ ಎಣ್ಣೆಯಲ್ಲೇ ಕೈ ಅದ್ದಿದ ಮನುಷ್ಯ ಒಂದು ಹನಿ ಎಣ್ಣೆಯನ್ನು ಅಷ್ಟು ವಿಸ್ಮಯದಿಂದ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಸರ, ಇದ್ಯಾವ ಎಣ್ಣಿರಿ?"

ನನಗೆ ಗೊತ್ತಿರಲಿಲ್ಲ. ಅವ್ವ ಕುರ್ಚಿಯಿಂದಲೇ ಹೇಳಿದಳು: "ಕುಸುಬಿ ಎಣ್ಣಿ. ಗಾಣದ್ದು. ಕಲಬೆರಕಿ ಇಲ್ಲ."

"ಯಾರು ಹಚ್ಚಿದ್ರಿ ಅವ್ವಾರ?"

"ನಾನ ಹಚ್ಚೇನಿ. ಭಾಳ ಒಣಗಿದಂಗ ಇದ್ದವು, ನಾಕಕ್ಕೂ ತಿಕ್ಕಿ ತಿಕ್ಕಿ ಹಚ್ಚೇನಿ. ಯಾಕ, ತಪ್ಪಾತೇನು?"

"ತಪ್ಪೇನಿಲ್ರಿ," ಅಂದ ಮಿಸ್ತ್ರಿ. "ಗಾಡಿ ನಿಂದರಂಗಿಲ್ಲ, ಅಷ್ಟ."

"ಚಕ್ಕಡಿಗೆ ಕೀಲೆಣ್ಣಿ ಹಾಕತಿದ್ವಿ. ಹೂವಿನಂಗ ಓಡತಿತ್ತು."

"ಓಡತೈತ್ರಿ ಅವ್ವಾರ. ಇದು ಓಡೂ ಸಾಮಾನಲ್ರಿ, ನಿಂದರೂ ಸಾಮಾನು."

ನ್ಯಾಯ ಎದುರಿನವನ ಕಡೆಗಿದೆ ಎಂದು ಖಾತ್ರಿಯಾದ ಮೇಲೆ ಅವ್ವ ನನ್ನತ್ತ ತಿರುಗಿದಳು. "ಮೂವತ್ತು ವರ್ಷ ಮಂದಿ ಮಕ್ಕಳಿಗೆ ಇದನ್ನ ಕಲಿಸಿದಿ. ಮನ್ಯಾಗ ಒಂದ ದಿನಾ ಬಾಯಿ ಬಿಡಲಿಲ್ಲ."

ಡಿಸ್ಕು ಕಬ್ಬಿಣದ್ದು, ಒರೆಸಿದರೆ ಸರಿಹೋಗುತ್ತದೆ. ಪ್ಯಾಡುಗಳು ಎಣ್ಣೆ ಕುಡಿದಿವೆ, ಬೇರೆಯೇ ತರಬೇಕು ಎಂದು ಮಿಸ್ತ್ರಿ ಹೇಳಿದ. "ಅವ್ವಾರ, ವಿಭೂತಿ ಒರಸಲೇನ್ರಿ?" ಎಂದು ಅಪ್ಪಣೆ ಕೇಳಿದ. "ಒರಸು. ಪೂಜಿ ಆಗೇತಿ," ಎಂದು ಅವ್ವ ಅಪ್ಪಣೆ ಕೊಟ್ಟಳು.

ಅಷ್ಟರಲ್ಲಿ ಆಕೆಯ ಕಣ್ಣು ಬಿಚ್ಚಿಟ್ಟಿದ್ದ ಹಳೆಯ ಡಿಸ್ಕಿನ ಮೇಲೆ ಬಿತ್ತು. "ಇದ್ಯಾಕ ಇಲ್ಲಿ ನೀಲಿ ಆಗೇತಿ?"

"ಕಾದು ಕಾದು ಹಂಗಾಗೇತ್ರಿ. ಕೆಲವ್ರು ಬ್ರೇಕಿನ ಮ್ಯಾಲ ಕಾಲು ಇಟಗೊಂಡ ಓಡಸ್ತಾರ್ರಿ. ಸವೀತಾವ, ಕಾಯತಾವ, ಮತ್ತ ಖರೇ ಬೇಕಾದಾಗ ಹಿಡಿಯಂಗಿಲ್ಲ."

"ಕೆಲವ್ರು ಅಂದ್ರ ಯಾರು?"

ಮಿಸ್ತ್ರಿ ಒಂದು ನಟ್ಟನ್ನು ಎತ್ತಿ ಬೆಳಕಿಗೆ ಹಿಡಿದು ಪರೀಕ್ಷಿಸತೊಡಗಿದ. ಹೆಂಡತಿ ಖಾಲಿ ಕಪ್ಪಿನೊಳಗೆ ನೋಡುತ್ತಿದ್ದಳು. ಸದಾ ಸಿದ್ಧನಾಗಿರುವುದು ಚಾಲಕನ ಧರ್ಮ ಎಂದು ನಾನು ಮೊದಲಿನಿಂದಲೂ ನಂಬಿದವನು. ಆ ನಂಬಿಕೆಯನ್ನು ವಿವರಿಸಲು ಅಲ್ಲಿ ಸಂದರ್ಭ ಕೂಡಿಬರಲಿಲ್ಲ.

ಪ್ಯಾಡು ತರಲು ನನ್ನೊಡನೆ ಅವ್ವನೂ ಅಂಗಡಿಗೆ ಬಂದಳು. ಸಿರಾಮಿಕ್ ಮುಗಿದಿತ್ತು. ಅಂಗಡಿಯವರು ಬೇರೆ ಬೇರೆ ಡಬ್ಬಿಗಳನ್ನು ಸಾಲಾಗಿ ಇಟ್ಟರು. ನಾನು ನೋಟುಬುಕ್ಕು ತೆಗೆದೆ. ಅವ್ವ ಮೇಜಿಗೆ ಕೈಯೂರಿ ಕೇಳಿದಳು:

"ತಮ್ಮಾ, ನಿಮ್ಮವ್ವ ಕೂಡೂ ಗಾಡಿಗೆ ಇದರಾಗ ಯಾವುದು ಹಾಕ್ತೀಪಾ?"

"ನಮ್ಮವ್ವ ನನ್ನ ಸ್ಕೂಟರ್ ಮ್ಯಾಲೆ ಕೂಡ್ತಾಳ್ರಿ."

"ಹೋಗ್ಲಿ. ಈ ಗಾಡಿ ಹುಟ್ಟಿದಾಗ ಅದರಾಗ ಯಾವ ಇದ್ದವು?"

ಅಂಗಡಿಯವರು ಒಂದು ಡಬ್ಬಿಯನ್ನು ಮುಂದೆ ಸರಿಸಿದರು.

"ಇವನ್ನ ಕೊಡು," ಅಂದಳು. ನನ್ನ ಆರು ವಾರದ ಕೆಲಸವನ್ನು ಅವ್ವ ಒಮ್ಮೆ ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಮುಗಿಸಿದಳು. ಡಬ್ಬಿಯನ್ನು ಮಾತ್ರ ನನ್ನ ಕೈಗೆ ಕೊಡಲು ಹೇಳಿದಳು. ತನ್ನ ಕೈಯಲ್ಲಿ ಇನ್ನೂ ಎಣ್ಣೆಯ ಪಸೆ ಇದ್ದೀತು ಎಂದು.

ಎಲ್ಲ ಕೂಡಿಸಿದ ಮೇಲೆ ಮಿಸ್ತ್ರಿ ಅಪ್ಪಣೆ ಮಾಡಿದ: ಊರ ಹೊರಗಿನ ಖಾಲಿ ರಸ್ತೆಯಲ್ಲಿ ಐವತ್ತರ ವೇಗದಿಂದ ಹತ್ತಕ್ಕೆ ಇಳಿಸಬೇಕು, ಪೂರ್ತಿ ನಿಲ್ಲಿಸಬಾರದು, ನಡುನಡುವೆ ಆರಲು ಬಿಟ್ಟು ಹತ್ತು ಸಲ ಹೀಗೆ ಮಾಡಬೇಕು, ಹೊಸ ಪ್ಯಾಡು, ಹೊಸ ಡಿಸ್ಕು ಆಗ ಒಂದಕ್ಕೊಂದು ಹೊಂದುತ್ತವೆ.

"ನಾನೂ ಬರ್ತೇನಿ," ಅಂದಳು ಅವ್ವ. ನಾನು ಓಡಿಹೋಗಿ ಮಣೆ ಇಟ್ಟೆ. ಆಕೆ ಹಿಂದಿನ ಬಾಗಿಲು ಬಿಟ್ಟು ಮುಂದಿನದಕ್ಕೆ ಹೋಗಿ, ನನ್ನ ಮಗ್ಗುಲಲ್ಲಿ ಕುಳಿತಳು. ಹೆಂಡತಿ ಹಿಂದೆ ಕುಳಿತಳು.

ಗಾಡಿ ಐವತ್ತಕ್ಕೆ ಏರಿತು, ಹತ್ತಕ್ಕೆ ಇಳಿಯಿತು. ಏನು ಹಿಡಿತ! ಸದ್ದಿಲ್ಲ, ಜಗ್ಗಾಟವಿಲ್ಲ. ಅವ್ವನ ಮುಖದಲ್ಲಿ ಸಮಾಧಾನ ಕಾಣಲೆಂದು ವಾರೆಗಣ್ಣಿನಿಂದ ನೋಡಿದೆ. ಆಕೆ ರಸ್ತೆ ನೋಡುತ್ತಿರಲಿಲ್ಲ. ಸೆರಗು ಹೊದ್ದು, ತುಸು ಬಾಗಿ, ಬ್ರೇಕಿನ ಮೇಲೇ ಉಳಿದಿದ್ದ ನನ್ನ ಬಲಗಾಲನ್ನು ನೋಡುತ್ತಿದ್ದಳು.

"ಕಾಲು ತಗಿ," ಅಂದಳು.

ತೆಗೆದೆ. ಮೂರನೆಯ ಸಲ ಇಳಿಸಿ ಮತ್ತೆ ವೇಗ ಹಿಡಿಯಬೇಕಾದಾಗ ಇನ್ನೊಮ್ಮೆ ಅಂದಳು. ಆರನೆಯದರ ನಂತರ ಎರಡು ಸಲ ಅಂದಳು. ಹತ್ತು ಮುಗಿಸಿ ಗಾಡಿಯನ್ನು ಬದಿಗೆ ನಿಲ್ಲಿಸಿ, "ಹೆಂಗ ಅದಾವವ್ವ?" ಎಂದು ಕೇಳಿದೆ.

"ಬ್ರೇಕ್ ಭಾಳ ಛಲೋ ಅದಾವ," ಅಂದಳು. ಆಮೇಲೆ ಹಿಂದಕ್ಕೆ ತಿರುಗಿ ಸೊಸೆಯನ್ನು ಕೇಳಿದಳು: "ನಿನಗ ಲೈಸೆನ್ಸ್ ಐತೇನವಾ?"

"ಐತ್ರಿ ಅತ್ತಿ."

"ಹೂಂ."

ಮುಂದಿನ ಸೋಮವಾರ ಅವ್ವ ಗಾಡಿಯಲ್ಲಿ ಮುಗದಕ್ಕೆ ಹೋಗಿ ಬಂದಳು. ಓಡಿಸಿದ್ದು ನನ್ನ ಹೆಂಡತಿ.